ನಲವತ್ತೆರಡನೆಯ ಬರಹಗಾರ

ರೈಲು ಇಳಿದ ದಿನ

ನಮ್ಮ ಹಾವೇರಿಯಲ್ಲಿ ಸೊಲ್ಲಾಪುರ ದಾಟಿದರೆ ಪರದೇಶವೇ. ಪಾಸ್‌ಪೋರ್ಟ್ ಬೇಕಾಗಿಲ್ಲ, ವಿಮಾನ ಹತ್ತಬೇಕಾಗಿಲ್ಲ. ಆದರೂ ನಾನು ಕೋಲ್ಕತ್ತಾಕ್ಕೆ ಹೊರಟೆ ಎಂದಾಗ ಓಣಿಯ ಹೆಂಗಸರು ಅವ್ವನನ್ನು ಕೇಳಿದ್ದು, "ಪರದೇಶಕ್ಕ ಒಬ್ಬಾಕಿನ್ನ ಹೆಂಗ ಕಳಸ್ತೀಬೇ?" ಎಂದು. ಅಪ್ಪ ಮಣ್ಣಾಗಿ ಆಗ ಮೂರು ತಿಂಗಳು. ಅವ್ವ ಯಾರಿಗೂ ಹೆಚ್ಚು ಉತ್ತರ ಕೊಡುತ್ತಿರಲಿಲ್ಲ.

ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಏಳು ವರ್ಷ ಕಂಪ್ಯೂಟರ್ ಪಾಠ ಹೇಳಿದ ನಾನು, ಮೂವತ್ತೊಂದನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು ಮತ್ತೆ ವಿದ್ಯಾರ್ಥಿನಿಯಾಗಿದ್ದೆ. ಕನ್ನಡದ ಕೈಬರಹವನ್ನು ಕಂಪ್ಯೂಟರಿಗೆ ಓದಲು ಕಲಿಸುವುದು ನನ್ನ ಸಂಶೋಧನೆಯ ವಿಷಯ. ಸೀಟು ಸಿಕ್ಕ ಕೂಡಲೇ ಗೈಡ್ ಮೇಡಂ ಒಂದು ಮೇಲ್ ಕಳಿಸಿದ್ದರು: "ಬರುವಾಗ ಆದಷ್ಟು ಜನರ ಕೈಬರಹದ ಪುಟಗಳನ್ನು ತೆಗೆದುಕೊಂಡು ಬಾ. ಇಲ್ಲಿ ಕನ್ನಡ ಬರೆಯುವವರು ಸಿಗುವುದಿಲ್ಲ." ಹಾಗಾಗಿ ಬೇರೆಯವರು ಸೂಟ್‌ಕೇಸಿನಲ್ಲಿ ಬಟ್ಟೆ ತರುವ ಕಡೆ ನಾನು ಅರವತ್ತು ಜನರ ಅಕ್ಷರ ತಂದಿದ್ದೆ. ಕ್ಷೌರದಂಗಡಿಯವನ ಅಕ್ಷರ, ಕನ್ನಡ ಸಾಲೆಯ ಇಬ್ಬರು ಅಕ್ಕೋರ ಅಕ್ಷರ, ಹಿಟ್ಟಿನ ಗಿರಣಿಯವನ ಅಕ್ಷರ. ಅದರಲ್ಲಿ ಅಪ್ಪನ ನೋಟ್‌ಬುಕ್ಕುಗಳೂ ಇದ್ದವು.

ಹೌರಾ ನಿಲ್ದಾಣದಲ್ಲಿ ಕೂಲಿಯೊಬ್ಬ ಸೂಟ್‌ಕೇಸ್ ಎತ್ತಿ ನೋಡಿ, "ದೀದಿ, ಇದರಲ್ಲಿ ಕಲ್ಲು ತಂದಿದ್ದೀರಾ?" ಎಂದು ಕೇಳಿದ. ಪುಸ್ತಕ ಎಂದೆ. ಅವನ ಮುಖ ಒಮ್ಮೆಲೇ ಮೆತ್ತಗಾಯಿತು. ಪುಸ್ತಕ ಹೊರುವುದಕ್ಕೆ ಈ ಊರಿನಲ್ಲಿ ಯಾರಿಗೂ ಬೇಸರವಿಲ್ಲ ಎಂದು ಆಮೇಲೆ ತಿಳಿಯಿತು.

ಮಾಶಿಮಾ ಮನೆ

ಊರಿನ ಉತ್ತರ ತುದಿಯಲ್ಲಿ, ದಕ್ಷಿಣೇಶ್ವರದ ಕಾಳಿ ಗುಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಕೋಣೆ ಸಿಕ್ಕಿತು. ಮನೆಯ ಒಡತಿ ಅರವತ್ತು ದಾಟಿದ ವಿಧವೆ. ಓಣಿಗೆಲ್ಲ ಮಾಶಿಮಾ, ಅಂದರೆ ಚಿಕ್ಕಮ್ಮ. ನನ್ನನ್ನು ಮೊದಲ ದಿನದಿಂದಲೇ 'ಮಾ' ಎಂದು ಕರೆದರು. ನಮ್ಮಲ್ಲೂ ಹೆಣ್ಣುಹುಡುಗರನ್ನು ಹಿರಿಯರು 'ಯವ್ವಾ' ಎನ್ನುತ್ತಾರಲ್ಲ, ಹಾಗೆ. ಅವರ ಹಿಂದಿ, ನನ್ನ ಹಿಂದಿ ಎರಡೂ ಕುಂಟುತ್ತಿದ್ದವು. ಎರಡು ಕುಂಟುವ ಮಾತು ಒಂದಕ್ಕೊಂದು ಊರುಗೋಲಾಗಿ ಸಂಸಾರ ಸಾಗಿತು. ಇಲ್ಲಿ ಅವರೆಲ್ಲರ ಮಾತನ್ನು ನಾನು ಕನ್ನಡದಲ್ಲಿ ಬರೆದಿದ್ದೇನೆ.

ಅವ್ವ ಒಂದು ಡಬ್ಬಿ ತುಂಬ ಕಡಕ್ ರೊಟ್ಟಿ ಕಟ್ಟಿ ಕೊಟ್ಟಿದ್ದಳು. ಎರಡನೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾಶಿಮಾ ಅದರಲ್ಲಿ ನಾಲ್ಕು ರೊಟ್ಟಿ ತೆಗೆದು ಸಾಸಿವೆ ಎಣ್ಣೆಯಲ್ಲಿ ಕರಿದಿದ್ದರು.

"ನಿಮ್ಮ ಕಡೆ ಹಪ್ಪಳ ಬಹಳ ದೊಡ್ಡದು ಮಾ. ಆದ್ರೆ ಉಬ್ಬೋದೇ ಇಲ್ಲ."

"ಮಾಶಿಮಾ, ಅದು ಹಪ್ಪಳ ಅಲ್ಲ, ರೊಟ್ಟಿ."

ಅವರು ಒಂದು ಚೂರು ಮುರಿದು ಬಾಯಿಗೆ ಹಾಕಿ ಅಗಿದರು. "ರೊಟ್ಟಿ ಅಂದ್ರೆ ಮೆತ್ತಗಿರಬೇಕು. ಇದಕ್ಕೆ ಯಾರು ಶಾಪ ಕೊಟ್ರು?"

ಸಂಜೆ ಫೋನಿನಲ್ಲಿ ಅವ್ವನಿಗೆ ಹೇಳಿದೆ. "ಎಣ್ಯಾಗ ಕರದಳಾ?" ಎಂದವಳು ಆಮೇಲೆ, "ನೀ ತಿಂದ್ಯೋ ಇಲ್ಲೋ?" ಎಂದಳು.

"ತಿಂದೆ."

"ಹೆಂಗಿತ್ತು?"

"ಘಾಟಿತ್ತು."

ಆಕೆ ನಕ್ಕಳು. ಅಪ್ಪ ಹೋದ ಮೇಲೆ ಅವ್ವ ನಕ್ಕದ್ದನ್ನು ಕೇಳಿದ್ದು ಅದೇ ಮೊದಲು. ಉಳಿದ ರೊಟ್ಟಿಯನ್ನೂ ಕರಿಯಲು ಕೊಡಬೇಕು ಎನ್ನಿಸಿತು.

ಲ್ಯಾಬ್

ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜು ಅನಿರ್ಬಾನ್‌ನದು. ನನಗಿಂತ ಐದು ವರ್ಷ ಚಿಕ್ಕವನು, ಸಂಶೋಧನೆಯಲ್ಲಿ ಮೂರು ವರ್ಷ ಹಿರಿಯ. ಬಂದ ದಿನವೇ, "ನಾನು ನಿಮ್ಮನ್ನು ದೀದಿ ಅನ್ನಲಾ, ಅಥವಾ ನೀವು ನನ್ನನ್ನು ದಾದಾ ಅಂತೀರಾ? ಒಂದು ತೀರ್ಮಾನ ಆಗಬೇಕು," ಎಂದ. ಕೊನೆಗೆ ಇಬ್ಬರೂ ಹೆಸರು ಹಿಡಿದು ಕರೆಯುವುದೆಂದಾಯಿತು. ಆದರೂ ಏನಾದರೂ ಕೆಲಸವಾಗಬೇಕಿದ್ದರೆ ಅವನು ದೀದಿ ಎನ್ನುತ್ತಿದ್ದ.

ಕೆಲಸ ಹೀಗೆ. ತಂದ ಪುಟಗಳನ್ನು ಸ್ಕ್ಯಾನ್ ಮಾಡಿ, ಒಂದೊಂದು ಪದವನ್ನೂ ಕತ್ತರಿಸಿ, ಅದರ ಕೆಳಗೆ ಏನು ಬರೆದಿದೆ ಎಂದು ನಾವು ಟೈಪ್ ಮಾಡಬೇಕು. ಇದಕ್ಕೆ ಲೇಬಲ್ ಎನ್ನುತ್ತಾರೆ. ಆಮೇಲೆ ಬರೆದವರನ್ನು ಎರಡು ಗುಂಪು ಮಾಡಬೇಕು. ಒಂದು ಗುಂಪಿನ ಪುಟಗಳಿಂದ ಯಂತ್ರ ಕಲಿಯುತ್ತದೆ. ಇನ್ನೊಂದು ಗುಂಪಿನ ಪುಟಗಳನ್ನು ಕೊಟ್ಟು ಅದಕ್ಕೆ ಪರೀಕ್ಷೆ ಮಾಡುತ್ತೇವೆ. ಪಾಠದ ಕಡೆ ಇದ್ದ ಮನುಷ್ಯ ಪರೀಕ್ಷೆಯ ಕಡೆ ಬರಬಾರದು. ಬಂದರೆ ಯಂತ್ರ ಓದಿದಂತಲ್ಲ, ಗುರುತು ಹಿಡಿದಂತೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಜನವರಿಯಲ್ಲಿ ಒಂದು ಸಮಿತಿಯ ಮುಂದೆ ನನ್ನ ಯಂತ್ರ ಎಷ್ಟು ಚೆನ್ನಾಗಿ ಓದುತ್ತದೆ ಎಂದು ತೋರಿಸಬೇಕಿತ್ತು. ಅವರು ಒಪ್ಪದಿದ್ದರೆ ಪಿಎಚ್‌ಡಿ ನೋಂದಣಿ ಗಟ್ಟಿಯಾಗುವುದಿಲ್ಲ, ಊರಿಗೆ ಮರಳಬೇಕು. ಹುಬ್ಬಳ್ಳಿಯ ಕೆಲಸಕ್ಕೆ ಆಗಲೇ ಬೇರೆಯವರು ಬಂದಿದ್ದರು.

ಪ್ರತಿ ಬರಹಗಾರನಿಗೂ ಒಂದು ಒಪ್ಪಿಗೆ ಪತ್ರ ತುಂಬಬೇಕಿತ್ತು. ಹೆಸರಿನ ಭಾಗವನ್ನು ಕತ್ತರಿಸಿ ಲಕೋಟೆಯಲ್ಲಿ ಮುಚ್ಚಿಟ್ಟು, ಅಂಕಿಯನ್ನಷ್ಟೇ ಉಳಿಸುತ್ತಾರೆ. ಅದರಲ್ಲಿ ಒಂದು ಪ್ರಶ್ನೆ: ಬರೆಯುವುದು ಬಲಗೈಯಲ್ಲೋ, ಎಡಗೈಯಲ್ಲೋ?

ಅಪ್ಪ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವುದು ಅವನ ನೌಕರಿ. ಮನೆಗೆ ಬಂದ ಮೇಲೂ ಹಾದಿಯ ಊರುಗಳನ್ನು ಸಾಲಾಗಿ ಬರೆದು, ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ದುಂಡನೆಯ, ಬಲಕ್ಕೆ ತುಸು ಬಾಗಿದ ಅಕ್ಷರ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಡಾಕ್ಟರು ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಲು ಹೇಳಿದರು. ಏನು ಬರೆಯಬೇಕು ಎಂದು ಅವರು ಹೇಳಿರಲಿಲ್ಲ. ಅಪ್ಪ ತನಗೆ ಬಾಯಿಪಾಠವಿದ್ದುದನ್ನೇ ಬರೆದ. ಹುಬ್ಬಳ್ಳಿ, ವರೂರು, ತಡಸ, ಶಿಗ್ಗಾವಿ, ಬಂಕಾಪುರ, ಹಾವೇರಿ. ಮತ್ತೆ ಹುಬ್ಬಳ್ಳಿಯಿಂದ.

ನಾನು ಶನಿವಾರ ಮನೆಗೆ ಬಂದರೆ ಆ ವಾರದ ಪುಟಗಳನ್ನು ಎದುರಿಗೆ ಹಿಡಿಯುತ್ತಿದ್ದ. ನಾನು ಚಪ್ಪಲಿ ಬಿಡುತ್ತ, "ಚಲೋ ಬರದಿ ಅಪ್ಪಾ," ಎನ್ನುತ್ತಿದ್ದೆ. ಒಂದು ಸಾಲನ್ನೂ ಓದುತ್ತಿರಲಿಲ್ಲ.

ಹೊರಡುವ ಮುಂಚೆ ಊರಿನಲ್ಲಿ ಒಪ್ಪಿಗೆ ಪತ್ರ ತುಂಬುವಾಗ ಬಲಗೈಗೆ ಒಂದು, ಎಡಗೈಗೆ ಒಂದು, ಹೀಗೆ ಎರಡು ತುಂಬಿದೆ. ಅವ್ವ ಎರಡಕ್ಕೂ ಸಹಿ ಹಾಕಿದಳು. ನಲವತ್ತೊಂದನೆಯ ಬರಹಗಾರ, ನಲವತ್ತೆರಡನೆಯ ಬರಹಗಾರ. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ನನ್ನ ಮಟ್ಟಿಗೆ ಅವರಿಬ್ಬರು ಬೇರೆ ಬೇರೆ ಮನುಷ್ಯರೇ ಆಗಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮೂರು ಊರಿಗೆ ಕೇಳುವ ಹಾಗೆ ಕೂಗುತ್ತಿದ್ದವನೊಬ್ಬ, ಹಾಸಿಗೆಯಲ್ಲಿ ಪುಟ ಹಿಡಿದು ಕೂತವನೊಬ್ಬ.

ಅಪ್ಪ ಸತ್ತ ವಿಷಯ ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಸಿಯಾಲ್ದಾ ಲೋಕಲ್

ವಾರಕ್ಕೊಮ್ಮೆ ಸಾಮಾನು ತರಲು ಸಿಯಾಲ್ದಾಕ್ಕೆ ಹೋಗುತ್ತಿದ್ದೆ. ಅಲ್ಲಿ ಜೋಳದ ಹಿಟ್ಟು ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಮೂರು ವಾರ ಹುಡುಕಿದೆ. ಒಬ್ಬ ಮೆಕ್ಕೆಜೋಳದ್ದು ಕೊಟ್ಟ, ಒಬ್ಬ ಸಜ್ಜೆಯದು ಕೊಟ್ಟ. ಮೂರನೆಯವನು, "ಅದನ್ನು ನಾವು ಹಕ್ಕಿಗೆ ಹಾಕ್ತೀವಿ, ನೀವೇನು ಮಾಡ್ತೀರಿ?" ಎಂದು ನಿಜವಾಗಿಯೂ ಕಾಳಜಿಯಿಂದ ಕೇಳಿದ. ಕೈಯಲ್ಲಿ ಮಂಡಕ್ಕಿಯ ಪೊಟ್ಟಣ ಹಿಡಿದು ವಾಪಸಾದೆ. ಅದೊಂದು ಸಮಾಧಾನ. ನಮ್ಮ ಗಿರ್ಮಿಟ್ಟಿನ ದೂರದ ನೆಂಟ ಅದು. ಹುಣಸೆ ಗೊಜ್ಜಿನ ಬದಲು ಹಸಿ ಸಾಸಿವೆ ಎಣ್ಣೆ, ಮೇಲೊಂದು ತೆಂಗಿನ ಚೂರು.

ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಜನ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ನಿಲ್ದಾಣ ಬರುವ ಮುಂಚೆ ಹಿಂದಿನವರು ಮುಂದಿನವರ ಭುಜ ಮುಟ್ಟಿ, "ಇಳೀತೀರಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಇಬ್ಬರೂ ಮೈ ತಿರುಗಿಸಿ ಜಾಗ ಬದಲಾಯಿಸಿಕೊಳ್ಳುತ್ತಾರೆ. ನಿಲ್ದಾಣ ಬರುವ ಹೊತ್ತಿಗೆ ಇಳಿಯುವವರೆಲ್ಲ ಬಾಗಿಲಲ್ಲಿ, ಉಳಿಯುವವರೆಲ್ಲ ಒಳಗೆ. ನಮ್ಮಲ್ಲಿ ಬಸ್ಸು ನಿಂತ ಮೇಲೆಯೇ ಎಲ್ಲರಿಗೂ ಇಳಿಯುವ ನೆನಪಾಗುವುದು. ಕಿಟಕಿಯಿಂದ ಟವೆಲ್ಲು ಹಾಕುವವರು, ಬಾಗಿಲಲ್ಲಿ ಒತ್ತುವವರು. "ಮೊದಲ ಇಳಿಯಾಕ ಬಿಡ್ರೋ," ಎಂದು ಅಪ್ಪ ಇಪ್ಪತ್ತೆಂಟು ವರ್ಷ ಕೂಗಿದ. ಯಾರೂ ಕೇಳಲಿಲ್ಲ. ಇಲ್ಲಿ ಹೇಳುವವರೇ ಇಲ್ಲದೆ ಇದು ನಡೆಯುತ್ತಿತ್ತು. ಮೊದಲ ಸಲ ನೋಡಿದಾಗ ಮನೆಗೆ ಹೋಗಿ ಅಪ್ಪನಿಗೆ ಹೇಳಬೇಕು ಎಂದುಕೊಂಡೆ. ನನ್ನ ನಿಲ್ದಾಣ ದಾಟಿಹೋಗಿ ಮುಂದಿನದರಲ್ಲಿ ಇಳಿದೆ.

ದಕ್ಷಿಣೇಶ್ವರದ ಸ್ನಾನಘಟ್ಟ

ದುರ್ಗಾಪೂಜೆಯ ರಜೆ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಾಶಿಮಾ ನನ್ನನ್ನು ದಕ್ಷಿಣೇಶ್ವರಕ್ಕೆ ಕರೆದುಕೊಂಡು ಹೋದರು. ದರ್ಶನ ಮುಗಿಸಿ ಗಂಗೆಯ ಮೆಟ್ಟಿಲ ಮೇಲೆ ಕೂತೆವು.

"ತಂದುಬಿಡು ಮಾ. ನಾನು ಇಲ್ಲೇ ಇರ್ತೀನಿ," ಎಂದರು.

"ಏನು?"

"ಅಸ್ಥಿ. ಕೋಣೇಲಿ ಇಟ್ಕೊಂಡಿದ್ದೀಯಲ್ಲ. ನಿಮ್ಮ ಕಡೆಯವರು ಅದಕ್ಕೇ ಅಲ್ವಾ ಇಷ್ಟು ದೂರ ಬರೋದು?"

ನಾನು ಅವರಿಗೂ ಏನೂ ಹೇಳಿರಲಿಲ್ಲ. ಆದರೆ ಅಪ್ಪನ ಫೋಟೊವನ್ನು ಸೂಟ್‌ಕೇಸಿನಲ್ಲಿ ಬಟ್ಟೆಯ ಕೆಳಗೆ ಇಡುವುದನ್ನು ಅವರು ಒಮ್ಮೆ ಕಂಡಿದ್ದರು, ಸೂಟ್‌ಕೇಸಿಗೆ ಬೀಗ ಹಾಕಿದ್ದೆ, ಫೋನಿನಲ್ಲಿ ಅವ್ವನೊಂದಿಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದೆ. ಅಷ್ಟರಿಂದಲೇ ಅವರು ಲೆಕ್ಕ ಹಾಕಿದ್ದರು.

"ನಮ್ಮಲ್ಲಿ ಸುಡೋದಿಲ್ಲ ಮಾಶಿಮಾ. ಮಣ್ಣಿಗೆ ಕೊಡ್ತೀವಿ. ಪದ್ಮಾಸನದಲ್ಲಿ ಕೂಡಿಸಿ ಮಣ್ಣು ಮಾಡ್ತಾರೆ."

"ಕೂಡಿಸಿ?" ಅವರು ಅದನ್ನು ಮನಸ್ಸಿನಲ್ಲಿ ಕಂಡುಕೊಳ್ಳುವವರಂತೆ ಸ್ವಲ್ಪ ಹೊತ್ತು ನದಿ ನೋಡಿದರು. "ಹಾಗಾದ್ರೆ ನೀರಿಗೆ ಕೊಡೋದು ಏನೂ ಇಲ್ವಾ?"

"ಏನೂ ಇಲ್ಲ."

"ಸರಿ ಬಿಡು. ಸುಮ್ನೆ ಕೂತ್ಕೋ ಹಾಗಾದ್ರೆ. ಕೂರೋಕೇನು."

ಆಚೆ ದಂಡೆಗೆ ದೋಣಿ ಹೋಗಿ ಬರುವವರೆಗೂ ಕೂತಿದ್ದೆವು. ಏಳುವಾಗ ತಮ್ಮ ಮಫ್ಲರು ತೆಗೆದು ನನ್ನ ಕಿವಿಗೆ ಸುತ್ತಿದರು. ನವೆಂಬರಿನ ಬಿಸಿಲು ಚುರುಗುಟ್ಟುತ್ತಿತ್ತು. ಈ ಊರಿನ ಹಿರಿಯರಿಗೆ ಚಳಿಗಾಲ ಕ್ಯಾಲೆಂಡರಿನಲ್ಲಿ ಬರುತ್ತದೆ.

ಚಹಾದಂಗಡಿ

ಡಿಸೆಂಬರಿನಲ್ಲಿ ನನ್ನ ಯಂತ್ರ ಚೆನ್ನಾಗಿ ಓದತೊಡಗಿತು. ಮುಖ್ಯವಾಗಿ ನಲವತ್ತೆರಡನೆಯವನನ್ನು. ಅಕ್ಕೋರ ಮುತ್ತಿನಂಥ ಅಕ್ಷರದಲ್ಲಿ ತಪ್ಪು ಮಾಡುತ್ತಿದ್ದ ಯಂತ್ರ, ಲಕ್ವಾ ಹೊಡೆದವನ ಎಡಗೈ ಗೀಚನ್ನು ತಡವರಿಸದೆ ಓದುತ್ತಿತ್ತು. ಗುಂಪು ಮಾಡುವಾಗ ಕಂಪ್ಯೂಟರು ತನ್ನಷ್ಟಕ್ಕೆ ನಲವತ್ತೊಂದನ್ನು ಪಾಠದ ಕಡೆಗೂ ನಲವತ್ತೆರಡನ್ನು ಪರೀಕ್ಷೆಯ ಕಡೆಗೂ ಹಾಕಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಯೋಚಿಸಲಿಲ್ಲ. ಅಪ್ಪನನ್ನು ಯಾರೋ ಓದುತ್ತಿದ್ದಾರೆ ಎಂಬುದು ಸಾಕಾಗಿತ್ತು.

ಒಂದು ಮಧ್ಯಾಹ್ನ ಅನಿರ್ಬಾನ್ ಎರಡು ಪ್ರಿಂಟ್ ಹಿಡಿದುಕೊಂಡು, "ದೀದಿ, ಚಾ," ಎಂದ. ಏನೋ ಕೆಲಸವಿದೆ ಎಂದು ತಿಳಿಯಿತು. ಗೇಟಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುತ್ತಾರೆ. ಬೆಂಚಿನ ಇನ್ನೊಂದು ತುದಿಯಲ್ಲಿ ಇಬ್ಬರು ಮುದುಕರು ಫುಟ್‌ಬಾಲಿಗಾಗಿ ಜಗಳವಾಡುತ್ತಿದ್ದರು.

"ನಿನ್ನ ನಲವತ್ತೊಂದು, ನಲವತ್ತೆರಡು ಅಣ್ಣತಮ್ಮಂದಿರಾ?"

"ಯಾಕೆ?"

"ನನಗೆ ನಿಮ್ಮ ಅಕ್ಷರ ಒಂದೂ ಬರೋದಿಲ್ಲ. ಓದೋಕೆ ಬರದವನು ನೋಡ್ತಾನೆ ಅಷ್ಟೇ. ಇಲ್ಲಿ ನೋಡು, ಇವನು ಪುಟದ ಕೊನೇ ಪದದ ಕೆಳಗೆ ಎರಡು ಗೆರೆ ಎಳೀತಾನೆ, ಎರಡನೇದು ಗಿಡ್ಡ. ಇವನೂ ಎಳೀತಾನೆ, ಎರಡನೇದು ಗಿಡ್ಡ. ಇವನು ಈ ಸುರುಳಿಯನ್ನು ಒಳಗಿನಿಂದ ಶುರು ಮಾಡ್ತಾನೆ. ಇವನೂ ಅಷ್ಟೇ. ಕೈ ನಡುಗುತ್ತೆ, ಆದ್ರೆ ಶುರು ಮಾಡೋದು ಒಳಗಿನಿಂದಲೇ. ಒಂದೇ ಮನೇಲಿ ಅಕ್ಷರ ಕಲಿತವರಾ?"

ಕುಡಿಕೆ ಸುಡುತ್ತಿತ್ತು. ಆದರೂ ಕೆಳಗಿಡಲಿಲ್ಲ.

"ಒಬ್ಬನೇ. ನಮ್ಮಪ್ಪ."

ಅವನು ಪ್ರಿಂಟುಗಳನ್ನು ಮಡಚಿದ. "ಈಗ ಹೇಗಿದ್ದಾರೆ?"

"ಏಪ್ರಿಲ್‌ನಲ್ಲಿ ಹೋದ."

ಮುದುಕರ ಜಗಳ ಮುಂದುವರಿದಿತ್ತು. ಅನಿರ್ಬಾನ್ ಮತ್ತೆರಡು ಚಹಾ ಹೇಳಿದ. ಕುಡಿಕೆ ಎಸೆದ ಮೇಲೆ, "ಮೇಡಂಗೆ ನೀನೇ ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀನು ಹೇಳದೇ ಇದ್ರೆ ಸುಳ್ಳಾಗುತ್ತೆ," ಎಂದ.

ಮೇಡಂ ಕೋಣೆ

ಮೇಡಂ ಪೂರ್ತಿ ಕೇಳಿದರು. ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅದೇ ಊರುಗಳು, ಅದೇ ಸರದಿ, ಅದೇ ಕೈಯ ಅಭ್ಯಾಸ. ಯಂತ್ರ ಓದಿದ್ದಲ್ಲ ಗಿರಿಜಾ. ಗೊತ್ತಿದ್ದದ್ದನ್ನು ಒಪ್ಪಿಸಿದ್ದು," ಎಂದರು.

"ಹೌದು ಮೇಡಂ."

"ಈಗ ಎರಡನ್ನೂ ಒಂದೇ ಕಡೆ ಇಡಬೇಕು. ಪಾಠದ ಕಡೆ ಇಟ್ಟರೆ ಯಂತ್ರ ಅವರ ಕೈಯಿಂದ ಕಲಿಯುತ್ತೆ, ಆದರೆ ಅವರ ಪುಟವನ್ನು ಓದಿಸಿ ನೋಡೋ ಹಾಗಿಲ್ಲ. ಪರೀಕ್ಷೆಗೆ ಸುಲಭದ ಅಕ್ಷರಗಳೇ ಉಳೀತವೆ, ಎಷ್ಟು ಪದ ಸರಿ ಓದಿತು ಅನ್ನೋ ನಿನ್ನ ಅಂಕಿಯೂ ಅಷ್ಟೇನೂ ಬೀಳೋದಿಲ್ಲ. ಇದರಲ್ಲಿ ಮೋಸ ಏನೂ ಇಲ್ಲ. ಪರೀಕ್ಷೆಯ ಕಡೆ ಇಟ್ಟರೆ ಯಂತ್ರಕ್ಕೆ ಅವರು ಅಪರಿಚಿತ. ಆ ಎಡಗೈಯನ್ನು ಓದೋಕೆ ಒದ್ದಾಡುತ್ತೆ. ಜನವರಿಯಲ್ಲಿ ಸಮಿತಿ ಏನು ಹೇಳುತ್ತೋ ನಾನು ಹೇಳಲಾರೆ. ಯೋಚನೆ ಮಾಡಿ ಹೇಳು."

ಆ ಸಂಜೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪಾಠದ ಕಡೆ, ಪರೀಕ್ಷೆಯ ಕಡೆ ಎಲ್ಲವನ್ನೂ.

"ನನಗ ನಿನ್ನ ಮಷಿನ್ನಿಂದು ಏನ್ ತಿಳೀತೈತಿ," ಎಂದಳು. ಆಮೇಲೆ, "ಒಂದ್ ಮಾತ್ ಹೇಳ್ತೀನಿ. ನಿಮ್ಮಪ್ಪ ಅದನ್ನ ಬರದದ್ದು ಯಾರಾರ ಓದ್ಲಿ ಅಂತ. ನಾನಂತೂ ಸಾಲಿಗೆ ಹೋದಾಕಿ ಅಲ್ಲ. ಸಹಿ ಒಂದ ಬರ್ತೈತಿ. ನಿನಗ ಹೊತ್ತಿರಲಿಲ್ಲ."

ಆಕ್ಷೇಪಣೆಯ ದನಿಯಲ್ಲ ಅದು. ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದಳು.

ಮರುದಿನ ಮೇಡಂಗೆ ಪರೀಕ್ಷೆಯ ಕಡೆ ಎಂದೆ. ಹೊಸದಾಗಿ ಯಂತ್ರಕ್ಕೆ ಕಲಿಸಲು ಆರು ದಿನ ಹಿಡಿಯಿತು. ಅಂಕಿ ಕುಸಿಯಿತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಕುಸಿಯಿತು.

ಸಮಿತಿ

ಸಮಿತಿಯಲ್ಲಿ ಮೂವರಿದ್ದರು. ಹೊರಗಿನಿಂದ ಬಂದ ಹಿರಿಯರೊಬ್ಬರು ನಲವತ್ತೆರಡನೆಯವನ ಪುಟವನ್ನು ಪರದೆಯ ಮೇಲೆ ನೋಡಿ, "ಇದನ್ನು ಮನುಷ್ಯರೇ ಓದಲಾರರು. ಯಾಕೆ ಇಟ್ಟುಕೊಂಡಿದ್ದೀರಿ? ತೆಗೆದುಹಾಕಿದರೆ ನಿಮ್ಮ ಫಲಿತಾಂಶ ಚೆನ್ನಾಗಿದೆ," ಎಂದರು.

"ಅಕ್ಷರ ಚೆನ್ನಾಗಿರುವವರದ್ದನ್ನು ಓದಲು ಜನ ಇದ್ದಾರೆ ಸರ್," ಎಂದೆ. ಇನ್ನೂ ಹೇಳಬೇಕೆಂದಿದ್ದೆ. ಮುಂದಿನ ಚಿತ್ರ ತೆರೆದೆ.

ನನ್ನನ್ನು ಹೊರಗೆ ಕೂರಿಸಿದರು. ಅನಿರ್ಬಾನ್ ಕಾರಿಡಾರಿನಲ್ಲಿ ನಿಂತಿದ್ದ, ಯಾವುದೋ ನೋಟಿಸ್ ಓದುವವನಂತೆ. ಸ್ವಲ್ಪ ಹೊತ್ತಿಗೆ ಮೇಡಂ ಬಂದು ಹೇಳಿದರು: ನೋಂದಣಿ ಈಗ ಗಟ್ಟಿಯಾಗಿಲ್ಲ, ತಳ್ಳಿಯೂ ಹಾಕಿಲ್ಲ. ಆರು ತಿಂಗಳು ಕೊಟ್ಟಿದ್ದಾರೆ. ಅಷ್ಟರಲ್ಲಿ ಯಂತ್ರ ನಲವತ್ತೆರಡನೆಯವನನ್ನು ಎಲ್ಲೆಲ್ಲಿ ತಪ್ಪು ಓದಿದೆಯೋ ಅದನ್ನೆಲ್ಲ ಒಂದೊಂದಾಗಿ ನೋಡಿ, ಯಾಕೆ ತಪ್ಪಿತು ಎಂದು ಬರೆದು ತರಬೇಕು.

"ಬಹಳ ಕೆಲಸ," ಎಂದರು ಮೇಡಂ.

"ಮಾಡ್ತೀನಿ ಮೇಡಂ."

ಸೋಮವಾರ

ಸೋಮವಾರ ಬೆಳಿಗ್ಗೆ ತಪ್ಪುಗಳ ಪಟ್ಟಿ ತೆರೆದೆ. ಎಡಕ್ಕೆ ಅಪ್ಪ ಬರೆದ ಪದದ ಚಿತ್ರ, ನಡುವೆ ನಾನು ಟೈಪ್ ಮಾಡಿದ ಲೇಬಲ್, ಬಲಕ್ಕೆ ಯಂತ್ರ ಓದಿದ್ದು. ಮೊದಲ ಹತ್ತು ಹನ್ನೆರಡು ನಿಜವಾದ ತಪ್ಪುಗಳು. ನಡುಕಕ್ಕೆ ಯಂತ್ರ ಮೋಸಹೋಗಿತ್ತು. ಯಾಕೆ ಎಂದು ಬರೆಯುತ್ತ ಹೋದೆ.

ಆಮೇಲೊಂದು ಬಂತು. ನನ್ನ ಲೇಬಲ್: ತಡಸ. ಯಂತ್ರ ಓದಿದ್ದು: ಸಾಕು.

ತಪ್ಪು ಎಂದು ಬರೆಯಲು ಹೊರಟವಳು ಚಿತ್ರವನ್ನು ದೊಡ್ಡದು ಮಾಡಿದೆ. ಎರಡೇ ಅಕ್ಷರವಿದ್ದವು. ಮೊದಲನೆಯದಕ್ಕೆ ದೀರ್ಘವಿತ್ತು, ಎರಡನೆಯದಕ್ಕೆ ಕೊಂಬಿತ್ತು. ಇನ್ನೂ ದೊಡ್ಡದು ಮಾಡಿದೆ. ಸಾಕು ಎಂದೇ ಇತ್ತು.

ವರೂರಿನ ಮುಂದೆ ತಡಸ ಬರುತ್ತದೆ. ಅದು ನನಗೆ ಗೊತ್ತಿತ್ತು. ಹಾಗಾಗಿ ಲೇಬಲ್ ಹಾಕುವಾಗ ನಾನು ನೋಡಿರಲೇ ಇಲ್ಲ, ಗೊತ್ತಿದ್ದದ್ದನ್ನು ಟೈಪ್ ಮಾಡಿ ಮುಂದೆ ಹೋಗಿದ್ದೆ. ಈ ಹಾದಿಯಲ್ಲಿ ಒಮ್ಮೆಯೂ ಬಸ್ಸು ಹತ್ತದ ಯಂತ್ರ, ಆ ಕೈಯನ್ನು ಹಿಂದೆಂದೂ ಕಾಣದ ಯಂತ್ರ, ಪುಟದಲ್ಲಿ ಇದ್ದುದನ್ನು ಓದಿತ್ತು. ಈ ಪುಟವನ್ನೂ ಯಾವುದೋ ಶನಿವಾರ ಅಪ್ಪ ನನ್ನೆದುರಿಗೆ ಹಿಡಿದಿದ್ದ. ನಾನು ಚಲೋ ಬರದಿ ಎಂದಿರಬೇಕು.

ಅನಿರ್ಬಾನ್ ಪಕ್ಕದಿಂದ, "ಏನಾಯ್ತು?" ಎಂದ.

"ನನ್ನ ಲೇಬಲ್ ತಪ್ಪು."

ಪೂರ್ತಿ ಪುಟವನ್ನು ಪರದೆಯ ಮೇಲೆ ತೆರೆದೆ. ಸಾಕು ಎಂದು ಬರೆದ ಕಡೆ ಪೆನ್ನು ಒತ್ತಿ ಕಾಗದ ತುಸು ಹರಿದಿತ್ತು. ಅದರ ಮುಂದೆ ಸ್ವಲ್ಪ ಖಾಲಿ ಜಾಗ. ಆಮೇಲೆ ಶಿಗ್ಗಾವಿ, ಬಂಕಾಪುರ, ಹಾವೇರಿ. ಹಾವೇರಿಯ ಕೆಳಗೆ ಎರಡು ಗೆರೆ.

ತಡಸ ಅಳಿಸಿ, ಅಪ್ಪ ಬರೆದದ್ದನ್ನು ಟೈಪ್ ಮಾಡಿದೆ. ಮುಂದಿನ ಪದಕ್ಕೆ ಹೋದೆ.